ಅಲುಗಾಡದ ಇಪ್ಪತ್ತು ನಿಮಿಷ

ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ಹಳೆಯ ಭಾವಚಿತ್ರವೊಂದು ಇಂದಿಗೂ ತೂಗುತ್ತಿದೆ. ಸುಮಾರು ಅರವತ್ತು ವರ್ಷಗಳ ಹಿಂದೆ ನಮ್ಮ ತಂದೆ, ತಾಯಿ, ಅಕ್ಕ ಮತ್ತು ನಾವು ಪಾಂಡವಪುರದ ಸ್ಟುಡಿಯೋ ಒಂದರಲ್ಲಿ ಕುಳಿತು ತೆಗೆಸಿಕೊಂಡದ್ದು. ಹಣೆಯ ತುಂಬ ವಿಭೂತಿ ಧರಿಸಿದ ತಂದೆಯವರ ಮುಖ ಶಿಲೆಯಲ್ಲಿ ಕಂಡರಿಸಿದಂತೆ ಸ್ಫುಟವಾಗಿದೆ. ಅಕ್ಕನ ಮುಖವೂ ಹಾಗೆಯೇ. ನಮ್ಮದು ಮಾತ್ರ ಮಂಜಿನೊಳಗಿನ ಮುಖ. ಕಣ್ಣು ಯಾವುದು, ಮೂಗು ಯಾವುದು ಎಂದು ಹುಡುಕಬೇಕು. ಛಾಯಾಗ್ರಾಹಕರು ಕಪ್ಪು ಬಟ್ಟೆಯೊಳಗಿನಿಂದ "ಅಲುಗಬೇಡಿ" ಎಂದು ಎಚ್ಚರಿಸಿದ ಗಳಿಗೆಯಲ್ಲೇ ನಾವು ನೊಣವೊಂದರ ಹಿಂದೆ ತಲೆ ತಿರುಗಿಸಿದೆವಂತೆ. ಅಕ್ಕ ಇದನ್ನು ಹೇಳಿ ನಗದ ಹಬ್ಬವಿಲ್ಲ.

2023ನೆಯ ಇಸವಿಯ ಮಳೆಗಾಲದಲ್ಲಿ ಅಲುಗದೆ ಇರಬೇಕಾದ ಸರದಿ ಅಕ್ಕನದಾಯಿತು. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಕಡೆ ಕೊಟ್ಟ ನಮ್ಮ ಅಕ್ಕನಿಗೆ ಆಗ 68 ವರ್ಷ. ಅದಕ್ಕೆ ನಾಲ್ಕು ವರ್ಷ ಹಿಂದೆ ಎಡಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಮಾತ್ರೆ ನುಂಗುತ್ತ, ಕೊಟ್ಟಿಗೆ ಗುಡಿಸುತ್ತ ನೆಮ್ಮದಿಯಾಗಿಯೇ ಇದ್ದರು. ಆಮೇಲೆ ಒಣಕೆಮ್ಮು, ಆಯಾಸ ಕಾಣಿಸಿಕೊಂಡಿತು. ಪರೀಕ್ಷಿಸಿದ ವೈದ್ಯರು ಪೆಟ್ ಸ್ಕ್ಯಾನ್ ಆಗಲೇಬೇಕೆಂದರು. ಅಕ್ಕ ಅದನ್ನು "ಪೇಟೆ ಸ್ಕ್ಯಾನ್" ಎಂದು ಕೇಳಿಸಿಕೊಂಡು, ನಮ್ಮ ಪೇಟೆಯಲ್ಲೇ ಆಗುವುದಾದರೆ ಮೈಸೂರಿಗೆ ಏಕೆ ಹೋಗಬೇಕು ಎಂದು ಕೇಳಿದ್ದು ನಮ್ಮ ನೆಂಟರಿಷ್ಟರಲ್ಲೆಲ್ಲ ಹಬ್ಬಿತು. ಅಳಿಯ ಆಲೆಮನೆಗೆ ಕಬ್ಬು ಸಾಗಿಸಿ ಬಂದ ಹಣವನ್ನು ತಂದು ನಮ್ಮ ಕೈಗಿತ್ತರು.

ಬೆಳಿಗ್ಗೆ ಏಳು ಗಂಟೆಗೆಲ್ಲ ಮೈಸೂರಿನ ಆಸ್ಪತ್ರೆಯಲ್ಲಿರಬೇಕಾದ್ದರಿಂದ ಹಿಂದಿನ ದಿನವೇ ಚಿನಕುರಳಿ, ಪಾಂಡವಪುರದ ಮಾರ್ಗವಾಗಿ ಬಂದು ಶ್ರೀರಂಗಪಟ್ಟಣದಲ್ಲಿ ನಮ್ಮ ಚಿಕ್ಕಪ್ಪನ ಮಗನ ಮನೆಯಲ್ಲಿ ತಂಗಿದೆವು. ನಾಗಮಂಗಲದ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುವ ಅಕ್ಕನ ಮಗಳು ಸಂಜೆಯ ಬಸ್ಸಿಗೆ ಬಂದು ಸೇರಿಕೊಂಡಳು. ಈ ಲೇಖನದಲ್ಲಿ ಲೆಕ್ಕದ ಮಾತು ಎಲ್ಲಿ ಬಂದರೂ ಅದು ಅವಳದೆಂದೇ ಓದುಗ ಬಂಧುಗಳು ತಿಳಿಯಬೇಕು. ನಾವು ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ವರ್ಗಮೂಲದೊಡನೆ ನಮಗೆ ಎಂದೂ ಸ್ನೇಹವಿರಲಿಲ್ಲ.

ಪರೀಕ್ಷೆಗೆ ಮುನ್ನ ಆರು ಗಂಟೆ ಉಪವಾಸವಿರಬೇಕು, ನೀರು ಮಾತ್ರ ಕುಡಿಯಬಹುದು. ಲಿಂಗಪೂಜೆಯಾಗದೆ ತುತ್ತು ಮುಟ್ಟದ ಅಕ್ಕನಿಗೆ ಇದೇನು ಹೊಸದಲ್ಲ. ಉಪವಾಸವೇಕೆಂದರೆ ಈ ಪರೀಕ್ಷೆಯ ಮೂಲವೇ ಸಕ್ಕರೆ. ಕ್ಯಾನ್ಸರಿನ ಜೀವಕೋಶಗಳು ಸಕ್ಕರೆಯನ್ನು ಹೊಟ್ಟೆಬಾಕರಂತೆ ಕಬಳಿಸುತ್ತವೆಯೆಂಬುದನ್ನು 1920ರ ದಶಕದಲ್ಲಿಯೇ ಜರ್ಮನಿಯ ಓಟೋ ವಾರ್ಬರ್ಗ್ ಎಂಬ ವಿಜ್ಞಾನಿ ಗುರುತಿಸಿದ್ದರು. ಎಫ್.ಡಿ.ಜಿ. ಎಂಬುದು ಸಕ್ಕರೆಯನ್ನೇ ಹೋಲುವ ಔಷಧ. ಅದರ ಬೆನ್ನಿಗೆ ವಿಕಿರಣ ಸೂಸುವ ಫ್ಲೋರಿನ್-18 ಎಂಬ ಪರಮಾಣುವನ್ನು ಕಟ್ಟಿರುತ್ತಾರೆ. ನರಕ್ಕೆ ಚುಚ್ಚಿದರೆ ಸಕ್ಕರೆ ಎಲ್ಲಿ ಹೆಚ್ಚು ಖರ್ಚಾಗುತ್ತಿದೆಯೋ ಅಲ್ಲಿ ಹೋಗಿ ಸೇರಿಕೊಳ್ಳುತ್ತದೆ. ಪರಮಾಣು ಸಿಡಿದು ಪಾಸಿಟ್ರಾನ್ ಹೊರಬಂದು ನೆರೆಯ ಎಲೆಕ್ಟ್ರಾನಿನೊಡನೆ ಕೂಡಿದಾಗ ಎರಡೂ ಅಳಿದು, ಎರಡು ಕಿರಣಗಳು ನೇರ ವಿರುದ್ಧ ದಿಕ್ಕಿಗೆ ಹಾರುತ್ತವೆ. ರೋಗಿಯ ಸುತ್ತ ಬಳೆಯಂತಿರುವ ಯಂತ್ರದ ಹರಳುಗಳು ಇಂತಹ ಜೋಡಿ ಕಿರಣಗಳನ್ನು ಒಂದೊಂದಾಗಿ ಎಣಿಸುತ್ತವೆ. ಆ ಎಣಿಕೆಯೇ ಚಿತ್ರ.

ಎಣಿಕೆಯೇ ಚಿತ್ರ ಎಂಬ ಮಾತನ್ನು ನಾವು ಆ ರಾತ್ರಿ ಸರಿಯಾಗಿ ಅರಿಯಲಿಲ್ಲ. ಶ್ರೀರಂಗಪಟ್ಟಣದ ಆ ಮನೆಯ ಅಂಗಳಕ್ಕೆ ಆಗತಾನೇ ಮಳೆಹನಿ ಬೀಳತೊಡಗಿತ್ತು. ಅಕ್ಕನ ಮಗಳು ಕಲ್ಲುಚಪ್ಪಡಿಯನ್ನು ತೋರಿಸಿದಳು. "ನೋಡಿ ಮಾವ, ಹತ್ತು ಹನಿ ಬಿದ್ದಾಗ ಎಲ್ಲಿ ಸೂರಿದೆ, ಎಲ್ಲಿ ಬಯಲಿದೆ ಎಂದು ನೆಲ ನೋಡಿ ಹೇಳಲಾರಿರಿ. ಸಾವಿರ ಹನಿ ಬಿದ್ದ ಮೇಲೆ ಸೂರಿನ ಗೆರೆ ತಾನಾಗಿ ಮೂಡುತ್ತದೆ." ಕಿರಣಗಳೂ ಹನಿಗಳಂತೆಯೇ ಅಡ್ಡಾದಿಡ್ಡಿಯಾಗಿ ಬರುತ್ತವೆ. ಒಂದು ಜಾಗದಲ್ಲಿ 100 ಎಣಿಸಿದರೆ ಅದರಲ್ಲಿ ಸುಮಾರು 10ರಷ್ಟು ಏರುಪೇರು ಸಹಜ, ಅಂದರೆ ನೂರಕ್ಕೆ ಹತ್ತು. 400 ಎಣಿಸಿದರೆ ಏರುಪೇರು 20, ಅಂದರೆ ನೂರಕ್ಕೆ ಐದು. ಚಿತ್ರದ ಮರಳುಮರಳು ಅರ್ಧವಾಗಬೇಕಾದರೆ ಎಣಿಕೆ ನಾಲ್ಕು ಪಟ್ಟಾಗಬೇಕು. ಔಷಧ ಅಷ್ಟೇ ಇದ್ದರೆ ಯಂತ್ರದೊಳಗೆ ಮಲಗುವ ಕಾಲವೂ ನಾಲ್ಕು ಪಟ್ಟಾಗಬೇಕು. ಇದು ಪ್ರಕೃತಿ ಹಾಕಿದ ದರ, ಚೌಕಾಸಿಗೆ ಅವಕಾಶವಿಲ್ಲ.

ಇನ್ನೊಂದು ದರವೂ ಇದೆ. ಫ್ಲೋರಿನ್-18 ಎಂಬುದು ಕೂಡಿಟ್ಟುಕೊಳ್ಳುವ ವಸ್ತುವಲ್ಲ. ಪ್ರತಿ 110 ನಿಮಿಷಕ್ಕೆ ಅದರ ಅರ್ಧ ಭಾಗ ಕರಗಿಹೋಗುತ್ತದೆ. 1976ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಬಾರಿಗೆ ಮನುಷ್ಯನಿಗೆ ಈ ಔಷಧ ಕೊಟ್ಟಾಗ, ಅದನ್ನು ತಯಾರಿಸಿದ ಬ್ರೂಕ್‌ಹೇವನ್ ಪ್ರಯೋಗಾಲಯದಿಂದ ವಿಮಾನದಲ್ಲಿ ತರಿಸಬೇಕಾಯಿತು. ಭಾರತದಲ್ಲಿ 2002ರಲ್ಲಿ ಮುಂಬಯಿಯ ಪರೇಲ್‌ನಲ್ಲಿರುವ ವಿಕಿರಣ ವೈದ್ಯಕೀಯ ಕೇಂದ್ರದಲ್ಲಿ ದೇಶದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ ಬಂದ ಮೇಲೆಯೇ ಈ ಪರೀಕ್ಷೆ ನಮ್ಮಲ್ಲಿ ಕಾಲೂರಿತು. ನಮ್ಮ ಅಕ್ಕನಿಗೆ ಬೇಕಾದ ಔಷಧ ಆ ಮುಂಜಾನೆ ಬೆಂಗಳೂರಿನಲ್ಲಿ ತಯಾರಾಗಿ, ಸೀಸದ ಡಬ್ಬಿಯಲ್ಲಿ ಕುಳಿತು, ಅದೇ ವರ್ಷದ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೆದ್ದಾರಿಯಲ್ಲಿ ಮಂಡ್ಯ, ಶ್ರೀರಂಗಪಟ್ಟಣಗಳನ್ನು ಹಾದು ಮೈಸೂರಿಗೆ ಬರಬೇಕಾಗಿತ್ತು. ನಾವು ತಂಗಿದ್ದ ಊರಿನ ಪಕ್ಕದಲ್ಲೇ ಆ ವಾಹನ ಹಾದುಹೋಗುತ್ತದೆಂದು ಕೇಳಿ ಅಕ್ಕ, "ಇಲ್ಲೇ ಇಳಿಸಿಕೊಂಡುಬಿಟ್ಟರೆ ಆಗದೆ?" ಎಂದರು.

ಆ ದಿನ ವಾಹನ ಬೆಂಗಳೂರಿನೊಳಗೇ ಸಿಕ್ಕಿಕೊಂಡು 55 ನಿಮಿಷ ತಡವಾಯಿತು. ಅಷ್ಟರಲ್ಲಿ ನೂರಕ್ಕೆ ಸುಮಾರು ಮೂವತ್ತು ಭಾಗ ದಾರಿಯಲ್ಲೇ ಮುಗಿದಿತ್ತು. ಉಳಿದದ್ದನ್ನು ಕಾದಿದ್ದ ರೋಗಿಗಳೆಲ್ಲರಿಗೂ ಹಂಚಬೇಕು. ನಮ್ಮಲ್ಲಿ ಕೊಳ್ಳೇಗಾಲದವರು, ಹುಣಸೂರಿನವರು, ಮಡಿಕೇರಿಯಿಂದ ನಡುರಾತ್ರಿ ಹೊರಟು ಬಂದವರೂ ಇದ್ದರು. ಅಕ್ಕನಿಗೆ ಔಷಧ ಚುಚ್ಚಿ, ಒಂದು ಗಂಟೆ ಕತ್ತಲಕೋಣೆಯಲ್ಲಿ ಮಾತಾಡದೆ ಬೆಚ್ಚಗೆ ಮಲಗಿಸಿದರು. ಮಾತಾಡಿದರೆ, ಕೈಕಾಲಾಡಿಸಿದರೆ ಸ್ನಾಯುಗಳು ಆ ಸಕ್ಕರೆಯನ್ನು ಎಳೆದುಕೊಂಡುಬಿಡುತ್ತವಂತೆ.

ಆಮೇಲೆ ಯಂತ್ರದ ಕೋಣೆಯ ಬಾಗಿಲಲ್ಲಿ ಬಂದದ್ದು ಲೋಹದ ಪ್ರಶ್ನೆ. ಮೈಮೇಲೆ ಯಾವ ಲೋಹವೂ ಇರಕೂಡದು. ಪೆಟ್ ಯಂತ್ರಕ್ಕೆ ಜೋಡಿಸಿರುವ ಸಿ.ಟಿ. ಯಂತ್ರದ ಚಿತ್ರದಲ್ಲಿ ಲೋಹದಿಂದ ಗೆರೆಗಳು ಸಿಡಿಯುತ್ತವೆ; ಆ ತಪ್ಪು ಪೆಟ್ ಚಿತ್ರಕ್ಕೂ ಇಳಿದು, ಇಲ್ಲದ ಕಡೆ ಹೊಳಪು ಮೂಡಬಹುದು. ಬಳೆ, ಓಲೆ ಎಲ್ಲವನ್ನೂ ಅಕ್ಕ ಬಿಚ್ಚಿಕೊಟ್ಟರು. ಎದೆಯ ಮೇಲಿನ ಬೆಳ್ಳಿಯ ಕರಡಿಗೆಯ ಬಳಿ ಕೈ ನಿಂತಿತು. ಲಿಂಗಧಾರಣೆಯಾದಂದಿನಿಂದ ಅದು ಅವರ ಮೈಯಿಂದ ಅಗಲಿದ್ದಿಲ್ಲ. ಶಸ್ತ್ರಚಿಕಿತ್ಸೆಯ ದಿನವೂ ಕೈಗೆ ಕಟ್ಟಿಸಿಕೊಂಡೇ ಒಳಗೆ ಹೋಗಿದ್ದವರು. ಹೊರಗೆ ಒಂಬತ್ತು ಮಂದಿ ಕಾದಿದ್ದರು, ಒಳಗೆ ಔಷಧ ಕರಗುತ್ತಿತ್ತು. "ಅಜ್ಜಿ, ಬೇಗ" ಎಂದ ಆ ಹುಡುಗನನ್ನು ನಾವು ದೂರಲಾರೆವು. ದೂರುವುದಾದರೆ ನಮ್ಮನ್ನೇ ದೂರಬೇಕು. ಕೆ.ಆರ್. ಪೇಟೆಗೆ ಸಂಜೆಯ ಬಸ್ಸು ತಪ್ಪೀತೆಂಬ ಆತುರದಲ್ಲಿ ನಾವೇ ಎರಡು ಸಲ ಹೋಗಿ "ಸ್ವಲ್ಪ ಬೇಗ ಮುಗಿಸಿಕೊಡಿ" ಎಂದು ಕೇಳಿಕೊಂಡಿದ್ದೆವು. ಅಕ್ಕ ಕರಡಿಗೆಯನ್ನು ತೆಗೆದು ಮಗಳ ಸೆರಗಿಗೆ ಹಾಕಿ ಒಳನಡೆದರು.

ಯಂತ್ರದ ಬಳೆ ಒಂದು ಸಲಕ್ಕೆ ಮೈಯ ಒಂದು ಗೇಣಿನಷ್ಟನ್ನು ಮಾತ್ರ ಕಾಣಬಲ್ಲದು. ಆದ್ದರಿಂದ ತಲೆಬುರುಡೆಯ ಬುಡದಿಂದ ತೊಡೆಯ ನಡುವಿನವರೆಗೆ ಮಂಚವು ಏಳು ಕಡೆ ನಿಂತು ನಿಂತು ಸರಿಯಿತು. ನಿಂತಲ್ಲೆಲ್ಲ ಒಂದೂವರೆ ನಿಮಿಷ; ಒಟ್ಟು ಹನ್ನೊಂದು ನಿಮಿಷಕ್ಕೂ ಕಡಿಮೆ. ಬಸ್ಸು ಸಿಕ್ಕಿತು. ನಮಗೆ ಆಗ ಸಮಾಧಾನವೇ ಆಗಿತ್ತೆಂದು ಹೇಳಲು ಇಂದು ನಾಚಿಕೆಯಾಗುತ್ತದೆ.

ಮೂರು ದಿನಗಳ ಮೇಲೆ ವರದಿ ಬಂತು. ಯಕೃತ್ತಿನಲ್ಲಿ ಸಣ್ಣದೊಂದು ಹೊಳಪಿನ ಚುಕ್ಕೆಯಿದೆ, ಅದು ರೋಗವೋ ಅಲ್ಲವೋ ಹೇಳಲಾಗದು. ಎಡಗೈ ಅಲುಗಿರುವುದರಿಂದ ಎಡ ಕಂಕುಳು, ಕೊರಳೆಲುಬಿನ ಭಾಗ ಮಸುಕಾಗಿದೆ, ಎಂದಿತ್ತು. ಯಕೃತ್ತಿಗೆ ಇಳಿದಿದ್ದರೆ ಚಿಕಿತ್ಸೆಯ ಹಾದಿಯೇ ಬೇರೆ. ಇಳಿದಿಲ್ಲವಾದರೆ ಆ ಉಗ್ರ ಔಷಧಗಳನ್ನು ಸುಮ್ಮನೆ ಕೊಟ್ಟಂತೆ. ನಾಲ್ಕು ವಾರ ನಮ್ಮ ನಾಲ್ಕೂ ತಾಲ್ಲೂಕಿನ ಮನೆಗಳಲ್ಲಿ ಯಾರೂ ನೆಮ್ಮದಿಯಾಗಿ ಉಣ್ಣಲಿಲ್ಲ. ನಾಗಮಂಗಲದಲ್ಲಿ ಅಕ್ಕನ ಮಗಳು ರಾತ್ರಿ ಪುಸ್ತಕ ತೆರೆದು ಕುಳಿತುಕೊಳ್ಳುತ್ತಿದ್ದಳು. ಅಕ್ಕನೊಬ್ಬರೇ ಎಂದಿನಂತೆ ಕೊಟ್ಟಿಗೆ ಗುಡಿಸಿದರು.

ಕೈ ಏಕೆ ಅಲುಗಿತು? ಬೆನ್ನುನೋವಿರಬೇಕೆಂದು ನಾವೆಲ್ಲ ಭಾವಿಸಿದ್ದೆವು. ಒಂದು ದಿನ ಅಕ್ಕ ತಾವಾಗಿಯೇ ಹೇಳಿದರು: "ಬೆನ್ನು ನೋಯುತ್ತಿತ್ತು ನಿಜ, ತಡೆದುಕೊಂಡೆ. ಆದರೆ ಕಣ್ಣು ಮುಚ್ಚಿದರೆ ಸಾಕು, ಕೈ ತಾನಾಗಿ ಎದೆಯ ಕಡೆ ಹುಡುಕುತ್ತ ಬರುತ್ತಿತ್ತು. ಬರಿದಾಗಿತ್ತಲ್ಲ."

ಮರುಪರೀಕ್ಷೆ ಮಾಡಿಸುವುದು ಸರಿಯೇ ಎಂದು ವೈದ್ಯರು ಬಹಳ ಯೋಚಿಸಿದರು. ಮತ್ತೊಮ್ಮೆ ವಿಕಿರಣ, ಮತ್ತೊಮ್ಮೆ ವೆಚ್ಚ. ಕೊನೆಗೆ ಸಂಶಯದ ಮೇಲೆ ಚಿಕಿತ್ಸೆ ಕಟ್ಟುವುದಕ್ಕಿಂತ ಅದೇ ಮೇಲೆಂದು ನಿರ್ಧರಿಸಿದರು. ಈ ಬಾರಿ ಅಕ್ಕನ ಮಗಳು ಮುಂಚಿತವಾಗಿಯೇ ಹೋಗಿ ಅಲ್ಲಿನ ಹಿರಿಯ ತಂತ್ರಜ್ಞರನ್ನು ಕಂಡಳು, ನಾವೂ ಜೊತೆಗಿದ್ದೆವು. ಆತ ತಾಳ್ಮೆಯ ಮನುಷ್ಯ. "ಎಲ್ಲರಿಗೂ ಅರ್ಧ ಗಂಟೆ ಕೊಡಬಹುದಲ್ಲ" ಎಂದು ನಾವು ಕೇಳಿದಾಗ ಅವರು ಕೊಟ್ಟ ಉತ್ತರ ನಮ್ಮ ಬಾಯಿ ಕಟ್ಟಿಸಿತು. ಒಬ್ಬರಿಗೆ ಐದು ನಿಮಿಷ ಹೆಚ್ಚು ಕೊಟ್ಟರೆ ಅವರ ಹಿಂದಿನವರ ಔಷಧದಲ್ಲಿ ನೂರಕ್ಕೆ ಮೂರು ಭಾಗ ಕರಗುತ್ತದೆ. ಅರ್ಧ ಗಂಟೆ ಕಾಯಿಸಿದರೆ ಹದಿನೇಳು ಭಾಗ. ಕೊನೆಯ ರೋಗಿಯ ಪಾಲಿಗೆ ಉಳಿಯುವುದೇನು? ಅಲ್ಲದೆ ಕಾಲ ಹೆಚ್ಚಿದಷ್ಟೂ ಚಿತ್ರ ಚೆನ್ನಾಗುತ್ತ ಹೋಗುತ್ತದೆಂಬುದೂ ಪೂರ್ತಿ ನಿಜವಲ್ಲ. ನೋವಿನಲ್ಲಿರುವ ಮುದುಕರು ಹದಿನೈದು ನಿಮಿಷ ಕಲ್ಲಿನಂತಿದ್ದು ಹದಿನಾರನೆಯದರಲ್ಲಿ ಹೊರಳಿದರೆ ಅದುವರೆಗಿನ ಶ್ರಮ ಕೆಡುತ್ತದೆ. ಮೈ ದಪ್ಪವಿರುವವರಿಗೆ ಹೆಚ್ಚು ಕಾಲ ಬೇಕು, ಕಿರಣಗಳು ಹೊರಬರುವಷ್ಟರಲ್ಲಿ ಬಹುಪಾಲು ಮೈಯೊಳಗೇ ಸೋತುಹೋಗುತ್ತವೆ. ತೆಳ್ಳಗಿನವರಿಗೆ ಕಡಿಮೆ ಸಾಕು. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯಲಾದೀತೆ?

ಕಂಪ್ಯೂಟರಿನಿಂದ ಚಿತ್ರವನ್ನು ನಯಗೊಳಿಸಬಹುದಲ್ಲ ಎಂದು ನಾವು ಕೇಳಿದೆವು. ಪತ್ರಿಕೆಗಳಲ್ಲಿ ಕೃತಕ ಬುದ್ಧಿಮತ್ತೆಯ ವಿಷಯ ಓದುತ್ತಿರುತ್ತೇವಷ್ಟೆ. ಆಗುತ್ತದೆ, ಈಗಿನ ಯಂತ್ರಗಳಲ್ಲಿ ಅದರಿಂದ ಕಾಲವೂ ಉಳಿಯುತ್ತಿದೆ ಎಂದರು. ಆದರೆ ನಯಗೊಳಿಸುವಾಗ ಸುಳ್ಳು ಚುಕ್ಕೆಯ ಜೊತೆಗೆ ನಿಜವಾದ ಸಣ್ಣ ಚುಕ್ಕೆಯೂ ಅಳಿಸಿಹೋಗಬಹುದು. ಜರಡಿಯ ಕಣ್ಣು ದೊಡ್ಡದಾದರೆ ಹೊಟ್ಟಿನೊಡನೆ ನುಚ್ಚೂ ಉದುರುವಂತೆ. ಇಡೀ ಮೈಯನ್ನು ಒಂದೇ ಬಾರಿಗೆ ಕಾಣುವ, ಎರಡು ಮೀಟರಿಗೆ ಸಮೀಪದ ಉದ್ದದ ಯಂತ್ರವೊಂದು 2018ರಲ್ಲಿ ಮನುಷ್ಯರ ಮೊದಲ ಚಿತ್ರಗಳನ್ನು ತೆಗೆಯಿತು. ಮೈಯ ಯಾವ ಭಾಗದಿಂದ ಹೊರಟ ಕಿರಣವೂ ಅದರಲ್ಲಿ ವ್ಯರ್ಥವಾಗುವುದು ಕಡಿಮೆಯಾದ್ದರಿಂದ ಒಂದೇ ನಿಮಿಷದಲ್ಲೂ ಕೆಲಸಕ್ಕೆ ಬರುವ ಚಿತ್ರ ಸಿಗುತ್ತದಂತೆ. ಕೇಳಿ ಸಂತೋಷಪಟ್ಟೆವು. ನಮ್ಮ ಅಕ್ಕನ ಪಾಲಿಗೆ ಇದ್ದದ್ದು ಗೇಣುದ್ದದ ಬಳೆಯೇ.

ಆತ ಮಾಡಿಕೊಟ್ಟ ಏರ್ಪಾಡು ಇಷ್ಟು. ಅಕ್ಕನನ್ನು ಮೊದಲ ಸರದಿಗೆ ಹಾಕಿಕೊಂಡರು, ಔಷಧ ತಾಜಾ ಇರುವಾಗಲೇ. ಸಂಶಯವಿರುವ ಕತ್ತು, ಎದೆ, ಯಕೃತ್ತು ಈ ಮೂರು ಕಡೆ ನಾಲ್ಕು ನಾಲ್ಕು ನಿಮಿಷ. ಉಳಿದ ನಾಲ್ಕು ಕಡೆ ಎರಡೆರಡು. ಒಟ್ಟು ಇಪ್ಪತ್ತು. ಮಂಚವೇರುವುದಕ್ಕೆ ಮುಂಚೆ ವೈದ್ಯರ ಅನುಮತಿಯಿಂದ ನೋವಿನ ಮಾತ್ರೆ, ಮಂಡಿಯ ಕೆಳಗೆ ದಿಂಬು, ತಲೆಯ ಮೇಲಕ್ಕೆ ಚಾಚಿದ ತೋಳುಗಳಿಗೆ ಒತ್ತು. ಇಷ್ಟಾದ ಮೇಲೆ ಅಕ್ಕನ ಮಗಳು ಮೆಲ್ಲಗೆ ಕರಡಿಗೆಯ ಮಾತೆತ್ತಿದಳು. ಆತ ಕೇಳಿದ್ದು ಒಂದೇ: "ಬೆಳ್ಳಿ ಡಬ್ಬಿಯೊಳಗೆ ಇರುವುದೂ ಲೋಹವೇ?" ಅಲ್ಲವೆಂದೆವು. ಕ್ಷಣಕಾಲ ಯೋಚಿಸಿ ಹೇಳಿದರು: "ಹಾಗಾದರೆ ಡಬ್ಬಿ ಬಿಟ್ಟು ಬಟ್ಟೆಯಲ್ಲಿ ಸುತ್ತಿ ಕೈಯಲ್ಲಿ ಹಿಡಿದುಕೊಳ್ಳಲಿ. ಕೈ ತಲೆಯಿಂದ ಆಚೆಗಿರುತ್ತದೆ. ನಾವು ಚಿತ್ರ ತೆಗೆಯುವುದು ತಲೆಬುರುಡೆಯ ಬುಡದಿಂದ ಕೆಳಕ್ಕೆ. ನಮಗೆ ಏನೂ ತೊಂದರೆಯಿಲ್ಲ."

ಇಷ್ಟು ಸುಲಭದ ಮಾತನ್ನು ಮೊದಲ ಸಲವೇ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಕೇಳುವುದಕ್ಕೆ ಒಂದು ನಿಮಿಷ ಬೇಕಾಗಿತ್ತು.

ಮರುಪರೀಕ್ಷೆಯ ದಿನ ಅಕ್ಕ ಮನೆಯಿಂದಲೇ ಬಿಳಿಯ ಲಿಂಗವಸ್ತ್ರದ ತುಂಡೊಂದನ್ನು ತಂದಿದ್ದರು. ಇಷ್ಟಲಿಂಗವನ್ನು ಅದರಲ್ಲಿ ಸುತ್ತಿ ಎಡ ಅಂಗೈಯಲ್ಲಿಟ್ಟುಕೊಂಡು ಮಂಚವೇರಿದರು. ಗಾಜಿನಾಚೆ ನಿಂತು ನೋಡಲು ನಮಗೆ ಅವಕಾಶ ಸಿಕ್ಕಿತ್ತು. ಮಂಚ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಎಡಗೈಯ ಬೆರಳುಗಳು ಮಡಿಸಿದಂತೆಯೇ ಇದ್ದವು. ಪ್ರತಿ ದಿನ ಬೆಳಿಗ್ಗೆ ಮಣೆಯ ಮೇಲೆ ಕುಳಿತು ಅದೇ ಅಂಗೈಯಲ್ಲಿ ಲಿಂಗವನ್ನಿಟ್ಟು ಅರ್ಧ ಗಂಟೆ ರೆಪ್ಪೆಯಾಡಿಸದೆ ನೋಡುವವರಿಗೆ ಇಪ್ಪತ್ತು ನಿಮಿಷ ಯಾವ ಲೆಕ್ಕ? ತಂತ್ರಜ್ಞರು ಪರದೆಯನ್ನು ನೋಡುತ್ತ, "ನಮ್ಮ ಹುಡುಗರೂ ಇಷ್ಟು ಅಲುಗದೆ ಮಲಗುವುದಿಲ್ಲ" ಎಂದರು. ಆ ಸಂಜೆ ಶ್ರೀರಂಗಪಟ್ಟಣದ ಮನೆಯಲ್ಲಿ ಕೆಲವು ಗಂಟೆಗಳ ಕಾಲ ಮೊಮ್ಮಗುವನ್ನು ಎತ್ತಿಕೊಳ್ಳಕೂಡದೆಂದದ್ದು ಮಾತ್ರ ಅವರಿಗೆ ಬೇಸರ ತಂದಿತು. ಮೈಯಲ್ಲಿ ಔಷಧದ ವಿಕಿರಣ ಇನ್ನೂ ಉಳಿದಿರುತ್ತದೆ.

ಯಕೃತ್ತಿನ ಚುಕ್ಕೆ ಎರಡನೆಯ ಚಿತ್ರದಲ್ಲಿ ಇರಲಿಲ್ಲ. ಎಣಿಕೆ ಸಾಲದೆ ಮೂಡಿದ ಮರಳು ಅದು. ತಾಜಾ ಔಷಧ, ಹೆಚ್ಚಿನ ಕಾಲ ಎರಡೂ ಸೇರಿ ಆ ಭಾಗದ ಎಣಿಕೆ ಈ ಸಲ ಮೂರೂವರೆ ಪಟ್ಟಿಗೂ ಮೇಲಾಗಿತ್ತೆಂದು ಅಕ್ಕನ ಮಗಳು ಲೆಕ್ಕ ಹಾಕಿದಳು. ಆದರೆ ಮೊದಲ ಸಲ ಕೈ ಅಲುಗಿ ಮಸುಕಾಗಿದ್ದ ಕಡೆ, ಎಡ ಕೊರಳೆಲುಬಿನ ಮೇಲ್ಭಾಗದಲ್ಲಿ, ಅವರೆಕಾಳಿಗಿಂತ ದೊಡ್ಡದಲ್ಲದ ಗ್ರಂಥಿಯೊಂದು ಹೊಳೆಯುತ್ತಿತ್ತು. ಸೂಜಿಯಿಂದ ಪರೀಕ್ಷಿಸಿದಾಗ ರೋಗವೇ ಎಂದು ತಿಳಿಯಿತು. ಆತುರದ ಚಿತ್ರ ಇಲ್ಲದ್ದನ್ನು ತೋರಿಸಿ ಇದ್ದದ್ದನ್ನು ಮುಚ್ಚಿಟ್ಟಿತ್ತು. ಅದನ್ನೇ ನಂಬಿ ಸುಮ್ಮನಿದ್ದಿದ್ದರೆ, ಅಥವಾ ಯಕೃತ್ತಿಗೆಂದು ಔಷಧ ಕೊಡಿಸಿದ್ದರೆ, ಏನಾಗುತ್ತಿತ್ತೆಂಬುದನ್ನು ನಾವು ರಾತ್ರಿ ಹೊತ್ತು ಯೋಚಿಸುವುದುಂಟು.

ಮಾತ್ರೆ ಬದಲಾಯಿತು, ಆ ಭಾಗಕ್ಕೆ ವಿಕಿರಣ ಚಿಕಿತ್ಸೆಯಾಯಿತು. ಕೆಮ್ಮಿಗೆ ಕಾರಣ ಬೇರೆಯೇ ಇತ್ತು, ಅದೂ ಗುಣವಾಯಿತು. ಅಕ್ಕ ಈಗಲೂ ಪೂರ್ಣ ನಿರೋಗಿಯೆಂದು ಹೇಳುವಂತಿಲ್ಲ; ವೈದ್ಯರೂ ಹಾಗೆ ಹೇಳುವುದಿಲ್ಲ. ಕಿಕ್ಕೇರಿಯ ಮನೆಯಲ್ಲಿ ಆಸ್ಪತ್ರೆಯ ಕಾಗದಗಳ ಕಡತದೊಳಗೆ ಆ ಬಿಳಿಯ ಲಿಂಗವಸ್ತ್ರವನ್ನು ಒಗೆದು ಮಡಿಸಿ ಇಟ್ಟಿದ್ದಾರೆ. ಮುಂದಿನ ಪರೀಕ್ಷೆಗೆ ದಿನ ಗೊತ್ತಾಗಿದೆ. ಮೊನ್ನೆ ಹೋದಾಗ ಮಗಳನ್ನು ಕೇಳುತ್ತಿದ್ದರು: "ಈ ಸಲ ಎಷ್ಟು ನಿಮಿಷವಂತೆ, ಕೇಳಿದೆಯಾ?"